ಅಬಿಂಧನ ತೇಜಸ್ಸು: ಶಿಕಾರಿಪುರ ಸೊರಬ ಸೀಮೆಯ ಮಿಂಚಿನ ಜಿಜ್ಞಾಸೆ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಶಾಸನಗಳಲ್ಲಿ ಕ್ರಿ. ಶ. ೧೧೬೨ರ ಒಂದು ಶಾಸನವು ವಿದ್ವಾಂಸರಿಗೆಲ್ಲ ಪರಿಚಿತವಾದುದು. ಕಳಚುರ್ಯ ಬಿಜ್ಜಳನ ಕಾಲದ ಈ ಶಾಸನವು ಕೋಡಿಯಮಠವೆಂಬ ಹೆಸರಿನ ಕಾಳಾಮುಖ ಮಠವನ್ನು ವರ್ಣಿಸುತ್ತ, ಅಲ್ಲಿ ನಡೆಯುತ್ತಿದ್ದ ಪಾಠಪ್ರವಚನಗಳನ್ನು ಒಂದೊಂದಾಗಿ ಎಣಿಸಿ ಹೇಳುತ್ತದೆ. ನಾಲ್ಕು ವೇದಗಳು, ಕೌಮಾರ ಪಾಣಿನೀಯ ಶಾಕಟಾಯನ ಮೊದಲಾದ ವ್ಯಾಕರಣಗಳು, ನ್ಯಾಯ ವೈಶೇಷಿಕ ಮೀಮಾಂಸೆ ಸಾಂಖ್ಯ ಬೌದ್ಧ ಮುಂತಾದ ದರ್ಶನಗಳು, ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ ಇವೆಲ್ಲಕ್ಕೂ ಆ ಮಠವು ಎಡೆಯಾಗಿತ್ತು. ದೀನರಿಗೆ ಅನ್ನವೂ ರೋಗಿಗಳಿಗೆ ಚಿಕಿತ್ಸೆಯೂ ಅಂಜಿ ಬಂದವರಿಗೆ ಅಭಯವೂ ದೊರೆಯುತ್ತಿದ್ದ ಸ್ಥಳವೂ ಅದೇ. ಶಾಸನವನ್ನು ಓದುವವರ ಕಣ್ಣು ಸಹಜವಾಗಿ ಮಠದ ಔದಾರ್ಯದ ಮೇಲೋ ವ್ಯಾಕರಣಗಳ ಪಟ್ಟಿಯ ಮೇಲೋ ನಿಲ್ಲುತ್ತದೆ. ದರ್ಶನಗಳ ಸಾಲಿನಲ್ಲಿ ಎರಡನೆಯದಾಗಿ ಬರುವ ವೈಶೇಷಿಕವೆಂಬ ಮಾತಿನಲ್ಲಿ ಅಡಗಿರುವ ಒಂದು ವಿಷಯವನ್ನು ಇಲ್ಲಿ ಬಿಡಿಸಿ ನೋಡಬೇಕಾಗಿದೆ.

ವೈಶೇಷಿಕವು ಪದಾರ್ಥಗಳ ಶಾಸ್ತ್ರ. ಲೋಕದಲ್ಲಿರುವ ದ್ರವ್ಯಗಳಾವುವು, ಅವುಗಳ ಗುಣಗಳಾವುವು ಎಂದು ವಿಂಗಡಿಸುವುದೇ ಅದರ ಕೆಲಸ. ಈ ಶಾಸ್ತ್ರಕ್ಕೆ ಆಧಾರಗ್ರಂಥವಾದ ಪ್ರಶಸ್ತಪಾದನ ಪದಾರ್ಥಧರ್ಮಸಂಗ್ರಹದಲ್ಲಿ ತೇಜಸ್ಸೆಂಬ ದ್ರವ್ಯವು ವಿಷಯರೂಪದಲ್ಲಿ ನಾಲ್ಕು ಬಗೆಯದೆಂದು ಹೇಳಿದೆ. ಕಟ್ಟಿಗೆಯಿಂದ ಉರಿಯುವ ಬೆಂಕಿ ಭೌಮ. ಉಂಡ ಅನ್ನವನ್ನು ಪಚನಮಾಡುವ ಹೊಟ್ಟೆಯ ಅಗ್ನಿ ಉದರ್ಯ. ಗಣಿಯಲ್ಲಿ ಹುಟ್ಟುವ ಚಿನ್ನ ಮೊದಲಾದುವು ಆಕರಜ. ಇನ್ನುಳಿದದ್ದು ದಿವ್ಯ. ಈ ದಿವ್ಯ ತೇಜಸ್ಸಿಗೆ ಕೊಟ್ಟಿರುವ ಲಕ್ಷಣವು ಅಬಿಂಧನವೆಂಬುದು. ಅಂದರೆ ಅಪ್ಪುವೇ, ನೀರೇ, ಇಂಧನವಾಗಿ ಉಳ್ಳದ್ದು. ಸೂರ್ಯನ ತೇಜಸ್ಸೂ ಮಿಂಚೂ ಇದಕ್ಕೆ ಉದಾಹರಣೆಗಳು. ಸುಮಾರು ಸಾವಿರ ವರ್ಷಗಳ ತರುವಾಯ ಅನ್ನಂಭಟ್ಟನ ತರ್ಕಸಂಗ್ರಹವು ಬಾಲಕರಿಗಾಗಿ ಹೇಳಿದುದೂ ಈ ವಿಭಾಗವನ್ನೇ. ವೈಶೇಷಿಕದ ಪಾಠ ನಡೆಯುತ್ತಿದ್ದ ಕಡೆ ಪ್ರಶಸ್ತಪಾದನನ್ನು ಬಿಟ್ಟು ಪಾಠ ನಡೆಯುವುದು ದುಸ್ತರವಾದುದರಿಂದ, ಬಳ್ಳಿಗಾವೆಯ ವಿದ್ಯಾರ್ಥಿಗಳೂ ಮಿಂಚನ್ನು ಸೂರ್ಯನೊಡನೆ ಒಂದೇ ವರ್ಗದಲ್ಲಿಟ್ಟು, ಎರಡಕ್ಕೂ ನೀರೇ ಸೌದೆಯೆಂದು ಕಲಿತರೆಂದು ಊಹಿಸುವುದು ಅಯುಕ್ತವಾಗಲಾರದು.

ಈ ಸಿದ್ಧಾಂತವು ಮೇಲುನೋಟಕ್ಕೆ ವಿಚಿತ್ರವಾಗಿ ತೋರಬಹುದು. ಆದರೆ ಅದರ ಹಿಂದೆ ಒಂದು ಅನುಮಾನದ ಕ್ರಮವಿದೆ. ಒಲೆಯ ಬೆಂಕಿ ನೀರು ಬಿದ್ದರೆ ಆರುತ್ತದೆ. ಮಿಂಚಾದರೋ ಮಳೆಯ ಮೋಡದ ಒಡಲಲ್ಲಿಯೇ ಹೊತ್ತಿ, ಮಳೆ ಹೆಚ್ಚಿದಷ್ಟೂ ಹೆಚ್ಚುತ್ತದೆ. ಕಟ್ಟಿಗೆಯಿಲ್ಲದ ಕಡೆ, ನೀರು ಮಾತ್ರ ಇರುವ ಕಡೆ ಉರಿಯುವ ಬೆಂಕಿಗೆ ನೀರಲ್ಲದೆ ಮತ್ತಾವುದು ಇಂಧನವಾದೀತು? ಮಲೆನಾಡಿನ ಅಂಚಿನಲ್ಲಿರುವ ಶಿಕಾರಿಪುರ ಸೊರಬಗಳಲ್ಲಿ ಈ ನೋಟಕ್ಕೆ ಕೊರತೆಯಿಲ್ಲ. ಮುಂಗಾರು ಹಿಡಿಯುವುದಕ್ಕೆ ಮುಂಚೆ ಭರಣಿ ಕೃತ್ತಿಕೆ ಮಳೆಗಳಲ್ಲಿ, ಹಗಲೆಲ್ಲ ಕಾದ ನೆಲದ ಮೇಲೆ ಸಂಜೆಯ ಹೊತ್ತಿಗೆ ಮೋಡ ಕವಿದು, ಚಂದ್ರಗುತ್ತಿಯ ಬೆಟ್ಟದ ಕಡೆಯಿಂದಲೋ ಬನವಾಸಿಯ ಬಯಲಿನ ಕಡೆಯಿಂದಲೋ ಗುಡುಗು ಉರುಳಿ ಬರುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆಯೆಂದು ರೈತರು ಅದನ್ನು ಹಾರೈಸುವರಾದರೂ, ಅದರೊಡನೆ ಬರುವ ಸಿಡಿಲಿಗೆ ಅಂಜದವರಿಲ್ಲ.

ಕನ್ನಡವು ಈ ವಿಷಯದಲ್ಲಿ ಸಂಸ್ಕೃತಕ್ಕಿಂತ ಹೆಚ್ಚು ಮನೆಯ ಅನುಭವವುಳ್ಳ ಭಾಷೆಯೆಂದು ಹೇಳಬೇಕು. ಮಿಂಚು ಕಣ್ಣಿಗೆ ಕಾಣುವುದು. ಗುಡುಗು ಕಿವಿಗೆ ಕೇಳುವುದು. ಸಿಡಿಲು ನೆಲಕ್ಕೆ ಬಡಿಯುವುದು. ಮೂರೂ ಅಚ್ಚ ಕನ್ನಡದ ಮಾತುಗಳು, ಮೂರಕ್ಕೂ ಅರ್ಥ ಬೇರೆ. ಮೋಡದೊಳಗೇ ಅಡಗುವ ಹೊಳಪಿಗೂ ನೆಲವನ್ನು ಮುಟ್ಟಿ ಮರವನ್ನು ಸೀಳುವ ಹೊಡೆತಕ್ಕೂ ಇರುವ ಭೇದವನ್ನು ಭೌತಶಾಸ್ತ್ರಜ್ಞರು ಇಂದಿಗೂ ಬೇರೆಬೇರೆಯಾಗಿ ಲೆಕ್ಕವಿಡುತ್ತಾರೆ. ಆ ಭೇದವನ್ನು ಭಾಷೆಯು ಅವರಿಗಿಂತ ಮೊದಲೇ ಮಾಡಿಟ್ಟಿದೆ.

ಶಾಸ್ತ್ರವನ್ನು ಕನ್ನಡದಲ್ಲಿ ಹೇಳಿದವರೂ ಉಂಟು. ಎರಡನೆಯ ಜಯಸಿಂಹನ ಕಾಲದಲ್ಲಿ, ಸುಮಾರು ೧೦೨೫ರಲ್ಲಿ, ಚಾವುಂಡರಾಯನು ಲೋಕೋಪಕಾರವನ್ನು ರಚಿಸಿ, ಜಲಶೋಧನೆ, ವೃಕ್ಷಾಯುರ್ವೇದ, ಪಾಕಗಳಂತಹ ಬಳಕೆಯ ವಿದ್ಯೆಗಳನ್ನು ಒಂದೆಡೆ ತಂದನು. ಆ ಜಯಸಿಂಹನ ಶಾಸನವು ಬಳ್ಳಿಗಾವೆಯಲ್ಲಿಯೂ ಇದೆ. ಸುಮಾರು ೧೩೦೦ರ ಅರ್ಹದ್ದಾಸನ ರಟ್ಟಮತವು ಪ್ರಸ್ತುತ ವಿಷಯಕ್ಕೆ ಇನ್ನೂ ಹತ್ತಿರವಾದುದು. ಮಳೆ, ಭೂಕಂಪ, ಮಿಂಚು, ಗ್ರಹಚಾರ, ಶಕುನ ಇವೇ ಅದರ ವಸ್ತು. ಅದು ತೆಲುಗಿಗೂ ಪರಿವರ್ತಿತವಾಯಿತೆಂಬುದರಿಂದ ಅದಕ್ಕಿದ್ದ ಮನ್ನಣೆ ತಿಳಿಯುತ್ತದೆ. ಇಂತಹ ಗ್ರಂಥಗಳಲ್ಲಿ ಮಿಂಚು ದ್ರವ್ಯವಾಗಿ ಉಳಿಯದೆ ಸೂಚನೆಯಾಗಿ ಮಾರ್ಪಟ್ಟಿತು. ಮಿಂಚು ಏನು ಎಂಬ ವೈಶೇಷಿಕನ ಪ್ರಶ್ನೆಯ ಸ್ಥಾನದಲ್ಲಿ ಮಿಂಚಿದರೆ ಏನಾದೀತು ಎಂಬ ಒಕ್ಕಲಿಗನ ಪ್ರಶ್ನೆ ಬಂದು ನಿಂತಿತು. ಇದನ್ನು ಅವನತಿಯೆಂದು ಕರೆಯುವುದು ಸರಿಯಲ್ಲ. ಎರಡನೆಯ ಪ್ರಶ್ನೆಗೆ ಉತ್ತರ ಸರಿಯೋ ತಪ್ಪೋ ಎಂಬುದನ್ನು ಮಳೆಗಾಲವೇ ತೋರಿಸಿಕೊಡುತ್ತದೆ, ಮೊದಲನೆಯದಕ್ಕೆ ಅಂತಹ ಪರೀಕ್ಷೆಯೇ ಇರಲಿಲ್ಲ.

ಜನರ ನಡುವೆ ಉಳಿದುದು ಬೇರೊಂದು. ಗುಡುಗು ಸಿಡಿಲು ಬಂದಾಗ ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿಯೆಂದು ಇಂದ್ರಪುತ್ರನ ಹೆಸರುಗಳನ್ನು ಹೇಳಿಕೊಳ್ಳುವ ರೂಢಿ ಕನ್ನಡನಾಡಿನಲ್ಲಿ ಇನ್ನೂ ಅಳಿದಿಲ್ಲ. ವಜ್ರಾಯುಧವು ತಂದೆಯದಾದುದರಿಂದ ಮಗನ ಹೆಸರು ಹೇಳಿದವರನ್ನು ಅದು ಬಿಡುವುದೆಂಬ ನಂಬಿಕೆ. ಇದು ಮನಸ್ಸಿಗೆ ಧೈರ್ಯ ಕೊಡಬಹುದೇ ಹೊರತು ದೇಹವನ್ನು ಕಾಯಲಾರದು. ಇದಕ್ಕಿಂತ ಹೆಚ್ಚು ಅಪಾಯಕರವಾದುದು ವಿದ್ಯಾವಂತರಲ್ಲಿಯೇ ಈಚೆಗೆ ಹಬ್ಬಿರುವ ಒಂದು ಮಾತು: ದೇವಾಲಯದ ಶಿಖರದ ಮೇಲಿನ ಲೋಹದ ಕಲಶವು ಪೂರ್ವಿಕರು ಇಟ್ಟ ಸಿಡಿಲಿನ ಕಂಬಿಯೆಂಬುದು. ಸಿಡಿಲಿನ ಕಂಬಿಗೆ ತುದಿ ಎಷ್ಟು ಮುಖ್ಯವೋ ಬುಡವೂ ಅಷ್ಟೇ ಮುಖ್ಯ. ತುದಿಯಿಂದ ನೆಲದೊಳಗಿನ ವರೆಗೆ ಲೋಹವು ಎಡೆಬಿಡದೆ ಇಳಿದಿರಬೇಕು. ಕಲಶದ ಕೆಳಗಿರುವುದು ಕಲ್ಲು. ಕಲ್ಲು ವಿದ್ಯುತ್ತಿಗೆ ದಾರಿ ಕೊಡದು. ಸೊರಬದ ಕುಪ್ಪತ್ತೂರಿನ ಕೈಟಭೇಶ್ವರ, ಬಳ್ಳಿಗಾವೆಯ ಕೇದಾರೇಶ್ವರಗಳಂತಹ ಗುಡಿಗಳನ್ನು ಕಟ್ಟಿದ ಶಿಲ್ಪಿಗಳಿಗೆ ಸಲ್ಲಬೇಕಾದ ಗೌರವ ಬೇಕಾದಷ್ಟಿದೆ. ಸಲ್ಲದ ಗೌರವವನ್ನು ತಂದು ಹೊರಿಸಿದರೆ, ಅದನ್ನು ನಂಬಿ ಗುಡ್ಡದ ಮೇಲಿನ ಗುಡಿಯ ಬಳಿ ಮಳೆಗೆ ನಿಂತವನಿಗೆ ಕೇಡು.

ಮಿಂಚನ್ನು ಕೈಗೆಟುಕುವಂತೆ ಮಾಡಿದವರು ಪದವೀಧರರಾದ ಪಂಡಿತರಲ್ಲ. ಫಿಲಡೆಲ್ಫಿಯದ ಬೆಂಜಮಿನ್ ಫ್ರಾಂಕ್ಲಿನನು ವೃತ್ತಿಯಿಂದ ಮುದ್ರಕ. ಅವನ ಸಲಹೆಯಂತೆ ಫ್ರಾನ್ಸಿನ ಮಾರ್ಲಿ ಎಂಬ ಊರಿನಲ್ಲಿ ದಾಲಿಬಾರನು ಎತ್ತರವಾದ ಕಬ್ಬಿಣದ ಕಂಬವನ್ನು ನಿಲ್ಲಿಸಿದ್ದನು. ೧೭೫೨ನೆಯ ಮೇ ೧೦ರಂದು ಗುಡುಗು ಬಂದಾಗ ಆತನು ಊರಲ್ಲಿರಲಿಲ್ಲ. ಕಾವಲಿಗಿದ್ದ ಒಬ್ಬ ನಿವೃತ್ತ ಸವಾರನೂ ಊರಿನ ಪಾದ್ರಿಯೂ ಓಡಿಬಂದು ಕಂಬದಿಂದ ಕಿಡಿಗಳನ್ನು ತೆಗೆದರು. ಮೋಡದ ಮಿಂಚೂ ಗಾಜನ್ನು ಉಜ್ಜಿದಾಗ ಹುಟ್ಟುವ ಕಿಡಿಯೂ ಒಂದೇ ಎಂಬುದು ಹಾಗೆ ಸಿದ್ಧವಾಯಿತು. ಮರುವರ್ಷ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅದೇ ಪ್ರಯೋಗದಲ್ಲಿ ತೊಡಗಿದ್ದ ರಿಖ್‌ಮನ್ ಎಂಬ ಪ್ರಾಧ್ಯಾಪಕನು ಸಿಡಿಲು ಬಡಿದು ಸತ್ತನು. ಪರೀಕ್ಷೆಗೆ ಒಡ್ಡಿಕೊಂಡ ಪ್ರಶ್ನೆಯು ತನ್ನ ಬೆಲೆಯನ್ನು ಕೇಳಿಯೇ ಕೇಳಿತು.

ಮುಂದೆ ಲಂಡನ್ನಿನಲ್ಲಿ ವಿಲಿಯಂ ಕ್ರೂಕ್ಸನು ತನ್ನ ಖಾಸಗಿ ಪ್ರಯೋಗಶಾಲೆಯಲ್ಲಿ ಗಾಳಿ ತೆಗೆದ ಗಾಜಿನ ಕೊಳವೆಗಳೊಳಗೆ ಅಧಿಕ ಒತ್ತಡದ ವಿದ್ಯುತ್ತನ್ನು ಹರಿಸಿ, ಅಲ್ಲಿ ಬೆಳಗುವ ವಸ್ತುವು ಘನ ದ್ರವ ಅನಿಲಗಳನ್ನು ಮೀರಿದ ನಾಲ್ಕನೆಯ ಅವಸ್ಥೆಯೆಂದು ೧೮೭೯ರಲ್ಲಿ ಹೇಳಿದನು. ಬಿಸಿಯಿಂದಲೋ ವಿದ್ಯುತ್ತಿನಿಂದಲೋ ಅಣುಗಳು ಒಡೆದು, ಎಲೆಕ್ಟ್ರಾನುಗಳು ಬಿಡಿಬಿಡಿಯಾಗಿ ತಿರುಗುವ ಈ ಅವಸ್ಥೆಗೆ ೧೯೨೮ರಲ್ಲಿ ಲ್ಯಾಂಗ್ಮ್ಯೂರನು ಪ್ಲಾಸ್ಮಾ ಎಂದು ಹೆಸರಿಟ್ಟನು. ರಕ್ತದ ದ್ರವಭಾಗಕ್ಕೂ ಅದೇ ಹೆಸರಿರುವುದು ಕನ್ನಡದ ಓದುಗರನ್ನು ಇಂದಿಗೂ ತೊಡಕಿಗೆ ಸಿಕ್ಕಿಸುತ್ತದೆ. ಎಷ್ಟು ಬಿಸಿಯಲ್ಲಿ ಎಷ್ಟು ಅಣುಗಳು ಹೀಗೆ ಒಡೆಯುವುವೆಂಬ ಲೆಕ್ಕವನ್ನು ೧೯೨೦ರಲ್ಲಿ ಕೊಟ್ಟವರು ಮೇಘನಾದ ಸಾಹಾ. ಆ ಲೆಕ್ಕದಿಂದಲೇ ನಕ್ಷತ್ರಗಳ ಬೆಳಕನ್ನು ಓದುವುದು ಸಾಧ್ಯವಾಯಿತು. ಮಿಂಚಿನ ಹಾದಿ ಕೆಲವು ಬೆರಳು ದಪ್ಪ. ಅದರ ಬಿಸಿ ಸುಮಾರು ೩೦,೦೦೦ ಡಿಗ್ರಿ, ಸೂರ್ಯನ ಮೇಲ್ಮೈಯ ಬಿಸಿಯ ಐದರಷ್ಟು. ಮಿಂಚೂ ಪ್ಲಾಸ್ಮಾ, ಸೂರ್ಯನೂ ಪ್ಲಾಸ್ಮಾ. ಪ್ರಶಸ್ತಪಾದನು ಇವೆರಡನ್ನೂ ಒಂದೇ ವರ್ಗದಲ್ಲಿಟ್ಟುದನ್ನು ಬಲ್ಲವರಿಗೆ ಇಲ್ಲಿ ಮನಸ್ಸು ಒಂದು ಗಳಿಗೆ ನಿಲ್ಲದಿರದು.

ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನೊಳಗೊಂಡ ಎಪಿಗ್ರಾಫಿಯ ಕರ್ಣಾಟಿಕದ ಏಳನೆಯ ಸಂಪುಟವನ್ನು ಬಿ. ಎಲ್. ರೈಸರು ಪ್ರಕಟಿಸಿದುದು ೧೯೦೨ರಲ್ಲಿ. ಸೊರಬದ ಶಾಸನಗಳುಳ್ಳ ಎಂಟನೆಯದು ೧೯೦೪ರಲ್ಲಿ ಹೊರಬಂದಿತು. ಕೋಡಿಯಮಠದ ಶಾಸನವುಳ್ಳ ಸಂಪುಟವು ಅಚ್ಚಾದ ಆ ೧೯೦೨ರಲ್ಲಿಯೇ, ಜೂನ್ ತಿಂಗಳ ಕೊನೆಯಲ್ಲಿ, ಅದೇ ಮೈಸೂರು ಸಂಸ್ಥಾನದ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ೯೨ ಮೈಲಿಗಳ ಆ ತಂತಿಮಾರ್ಗವು ಆ ಕಾಲಕ್ಕೆ ಲೋಕದಲ್ಲಿಯೇ ಬಹು ಉದ್ದವಾದವುಗಳಲ್ಲಿ ಒಂದು. ಅದರ ಒತ್ತಡ ಮೂವತ್ತು ಮೂವತ್ತೈದು ಸಾವಿರ ವೋಲ್ಟುಗಳಷ್ಟು. ಒಣ ಗಾಳಿಯಲ್ಲಿ ಒಂದು ಸೆಂಟಿಮೀಟರ್ ಅಂತರವನ್ನು ಹಾರಿ ಕಿಡಿಯಾಗಲು ಸುಮಾರು ೩೦,೦೦೦ ವೋಲ್ಟು ಬೇಕು. ಮೋಡಕ್ಕೂ ನೆಲಕ್ಕೂ ನಡುವೆ ಏರ್ಪಡುವ ಒತ್ತಡವು ಹತ್ತು ಕೋಟಿ ವೋಲ್ಟುಗಳ ಮಟ್ಟದ್ದು. ಇದರಿಂದ ಮನುಷ್ಯನ ತಂತಿಗೂ ಮಳೆಯ ಮೋಡಕ್ಕೂ ಇರುವ ತಾರತಮ್ಯವನ್ನು ತಿಳಿಯಬಹುದು.

ತಂತಿ ಬಂದ ಮೇಲೆ ಅದನ್ನು ಕುರಿತ ಮಾತು ಕನ್ನಡದಲ್ಲಿ ಬರಬೇಕಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ೧೯೧೮ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ನಡೆದುದು ಎರಡೇ ವರ್ಷ. ಆದರೆ ಪದವಿಯಿಲ್ಲದ ಓದುಗನು ಕೇಳುವ ಪ್ರಶ್ನೆಗೆ ಅವನ ಭಾಷೆಯಲ್ಲಿಯೇ ಉತ್ತರ ಹೇಳಬಹುದೆಂಬುದು ಆ ಎರಡು ವರ್ಷಗಳಲ್ಲಿ ಸ್ಥಾಪಿತವಾಯಿತು. ಇದೇ ವೆಂಕಟನಾರಣಪ್ಪನವರು ಮುಂದೆ ೧೯೩೧ರಲ್ಲಿ ಸಾಹಿತ್ಯ ಪರಿಷತ್ತಿಗಾಗಿ ಪಂಪಭಾರತವನ್ನು ಸಂಪಾದಿಸಿಕೊಟ್ಟರು. ಸೊರಬದ ನೆರೆಯಾದ ಬನವಾಸಿಯನ್ನು ಮರೆಯಲಾರದ ಆ ಕಾವ್ಯದ ನಾಯಕನು ಅರ್ಜುನ. ಗುಡುಗಿದಾಗ ಜನರು ಕೂಗುವ ಅರ್ಜುನ. ಆ ಹೆಸರನ್ನು ಪಾಠಾಂತರಗಳ ನಡುವೆ ಶೋಧಿಸಿದ ಕೈಯೇ ಗುಡುಗಿನ ಭೌತಶಾಸ್ತ್ರವನ್ನೂ ಬೋಧಿಸಿದ ಕೈ. ಸಾಹಿತ್ಯವೂ ವಿಜ್ಞಾನವೂ ಬೇರೆ ಬೇರೆ ಮನೆಗಳೆಂಬ ಭಾವನೆ ಅಂದಿನವರಿಗೆ ಇರಲಿಲ್ಲ.

ಇವರು ಶಾಸ್ತ್ರದ ಅಧ್ಯಾಪಕರಾದರು. ಶಿವರಾಮ ಕಾರಂತರಾದರೋ ಅಸಹಕಾರ ಚಳವಳಿಯಲ್ಲಿ ಕಾಲೇಜನ್ನು ಬಿಟ್ಟವರು; ಮೂರು ಸಂಪುಟಗಳ ಬಾಲಪ್ರಪಂಚವನ್ನೂ (೧೯೩೬) ೧೯೫೯ರಿಂದ ಮುಂದೆ ನಾಲ್ಕು ಸಂಪುಟಗಳ ವಿಜ್ಞಾನಪ್ರಪಂಚವನ್ನೂ ಒಬ್ಬರೇ ಬರೆದರು. ಮೈಸೂರಿನ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಅವರು ೧೯೩೫ರಲ್ಲಿ ತಮ್ಮ ಮನೆಯಾದ ವಿಠ್ಠಲ ವಿಹಾರದಲ್ಲಿ ೩೦ ವ್ಯಾಟಿನ ಒಂದು ಸಣ್ಣ ಯಂತ್ರದಿಂದ ಪ್ರಸಾರವನ್ನು ಆರಂಭಿಸಿದರು. ಆ ನಿಲಯಕ್ಕೆ ಇಟ್ಟ ಆಕಾಶವಾಣಿಯೆಂಬ ಹೆಸರು ತರುವಾಯ ದೇಶದ ರೇಡಿಯೊ ವ್ಯವಸ್ಥೆಗೇ ಸಂದಿತು. ಶಬ್ದವು ಆಕಾಶದ ಗುಣವೆಂಬುದು ವೈಶೇಷಿಕರ ಮತ. ಹೆಸರು ಆ ಮತಕ್ಕೆ ಒಪ್ಪುವಂತಿದೆ, ರೇಡಿಯೊ ಮಾತ್ರ ಒಪ್ಪುವುದಿಲ್ಲ, ಏಕೆಂದರೆ ಅಲ್ಲಿ ಹರಿಯುವುದು ಶಬ್ದವೇ ಅಲ್ಲ. ದೂರದ ನಿಲಯಗಳು ರಾತ್ರಿ ಚೆನ್ನಾಗಿ ಕೇಳಿಸುವುದಕ್ಕೆ ಕಾರಣ ಮೇಲಣ ವಾಯುಮಂಡಲದ ಅಯಾನುಗೋಳ. ಅದೂ ಸೂರ್ಯನ ಕಿರಣಗಳು ಗಾಳಿಯನ್ನು ಒಡೆದು ಮಾಡಿದ ತೆಳುವಾದ ಪ್ಲಾಸ್ಮಾವೇ.

ಸೊರಬಕ್ಕೆ ನೆರೆಯಾದ ಸಾಗರ ತಾಲ್ಲೂಕಿನ ಜೋಗದಲ್ಲಿ ಶರಾವತಿಯ ನೀರಿನಿಂದ ವಿದ್ಯುತ್ತು ಹುಟ್ಟಿದುದು ೧೯೪೮ರಲ್ಲಿ. ಆ ಕೇಂದ್ರವು ಬಳಿಕ ಮಹಾತ್ಮ ಗಾಂಧಿಯವರ ಹೆಸರನ್ನು ಹೊಂದಿತು. ಪೂರ್ಣವಾದಾಗ ಅದರ ಶಕ್ತಿ ೧,೨೦,೦೦೦ ಕಿಲೊವ್ಯಾಟು. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಕೆಳಗಣ ಶರಾವತಿ ಕೇಂದ್ರವು ಅದನ್ನೂ ಮೀರಿಸಿತು. ಅದಕ್ಕಾಗಿ ಮುಳುಗಿದ ಊರುಗಳ ಕಥೆ ಬೇರೆ, ಅದಕ್ಕೆ ಬೇರೊಂದು ಲೇಖನವೇ ಬೇಕು. ಮಲೆನಾಡಿನ ಮನೆಗಳಲ್ಲಿ ಉರಿಯುವ ದೀಪಕ್ಕೆ ನೀರೇ ಮೂಲವಾದುದು ಹೀಗೆ. ಅಬಿಂಧನವೆಂಬ ಮಾತಿಗೆ ಕೋಡಿಯಮಠದವರು ಕನಸಿನಲ್ಲಿಯೂ ಕಾಣದ ಅರ್ಥ ಬಂದಿತು. ಆದರೆ ಇಲ್ಲಿ ನೀರು ಇಂಧನವಲ್ಲ, ಅದು ಬೀಳುವ ಭಾರ ಮಾತ್ರ. ಚಕ್ರವನ್ನು ತಿರುಗಿಸಿದ ಮೇಲೆ ಒಂದು ಹನಿಯೂ ಕುಂದದೆ ಮುಂದೆ ಹರಿದುಹೋಗುತ್ತದೆ.

ಇದಕ್ಕಿಂತ ಬಲವಾದ ಮತ್ತೊಂದು ಪ್ರಲೋಭನವಿದೆ. ಸೂರ್ಯನು ಯಾವ ಇಂಧನದಿಂದ ಉರಿಯುತ್ತಾನೆಂಬ ಪ್ರಶ್ನೆಗೆ, ಜಲಜನಕದ ಬೀಜಗಳು ಕೂಡಿ ಹೀಲಿಯಮ್ ಆಗುವಾಗ ಹೊರಡುವ ಶಕ್ತಿಯಿಂದ ಎಂದು ೧೯೨೦ರಲ್ಲಿ ಎಡಿಂಗ್ಟನನು ಸೂಚಿಸಿದನು. ಇದೇ ಬೈಜಿಕ ಸಮ್ಮಿಲನ. ೧೯೩೪ರಲ್ಲಿ ಕೇಂಬ್ರಿಜ್ಜಿನಲ್ಲಿ ಆಲಿಫಂಟ್, ಹಾರ್ಟೆಕ್, ರದರ್‌ಫರ್ಡರು ಅಧಿಕ ಒತ್ತಡದ ವಿದ್ಯುತ್ತಿನಿಂದ ಭಾರಜಲಜನಕದ ಬೀಜಗಳನ್ನು ಒಂದಕ್ಕೊಂದು ಹೊಡೆಸಿ ಅದನ್ನು ಭೂಮಿಯ ಮೇಲೆ ಸಾಧಿಸಿ ತೋರಿಸಿದರು. ೧೯೫೫ರಲ್ಲಿ ಜಿನೀವದ ಸಮ್ಮೇಲನದ ಅಧ್ಯಕ್ಷಪೀಠದಿಂದ ಹೋಮಿ ಭಾಭಾ ಅವರು ಇನ್ನು ಎರಡು ದಶಕಗಳೊಳಗೆ ಈ ಶಕ್ತಿಯನ್ನು ಹಿಡಿತಕ್ಕೆ ತರುವ ಉಪಾಯ ದೊರೆಯುವುದೆಂದು ಭವಿಷ್ಯ ನುಡಿದರು. ಎರಡಲ್ಲ, ಆರು ದಶಕಗಳು ಕಳೆದ ಮೇಲೆ ೨೦೨೨ರ ಡಿಸೆಂಬರಿನಲ್ಲಿ ಅಮೆರಿಕದ ಒಂದು ಪ್ರಯೋಗಶಾಲೆಯಲ್ಲಿ ಗುರಿಗೆ ಬಿದ್ದ ಲೇಸರ್ ಶಕ್ತಿಗಿಂತ ಹೊರಬಂದ ಶಕ್ತಿ ಮೊದಲ ಬಾರಿಗೆ ಹೆಚ್ಚಾಯಿತು. ಅದರಿಂದ ದೀಪ ಹೊತ್ತಿಲ್ಲ.

ಈ ದೊಡ್ಡ ಪ್ರಯತ್ನಗಳ ಪಕ್ಕದಲ್ಲಿ ಒಂದು ಸಣ್ಣ ದಾರಿಯೂ ಉಂಟು. ಅದನ್ನು ತೆರೆದವನು ಫೈಲೊ ಫಾರ್ನ್ಸ್‌ವರ್ತ್. ೧೯೨೧ರಲ್ಲಿ ಹದಿನಾಲ್ಕು ವರ್ಷದ ಹುಡುಗನಾಗಿ ಅಮೆರಿಕದ ಐಡಹೊ ಪ್ರಾಂತದ ಆಲೂಗೆಡ್ಡೆಯ ಹೊಲದಲ್ಲಿ ಕುದುರೆ ಕಟ್ಟಿ ಹರಗುತ್ತಿದ್ದಾಗ, ನೆಲದ ಮೇಲಿನ ಸಾಲುಗಳನ್ನು ಕಂಡು, ಚಿತ್ರವನ್ನೂ ಹೀಗೆ ಸಾಲುಸಾಲಾಗಿ ಕತ್ತರಿಸಿ ಕಳುಹಿಸಬಹುದೆಂದು ಅವನಿಗೆ ಹೊಳೆಯಿತು. ೧೯೨೭ರಲ್ಲಿ ವಿದ್ಯುನ್ಮಯ ದೂರದರ್ಶನವನ್ನು ಸಾಧಿಸಿದನು. ಉಳುಮೆಗೂ ಬರವಣಿಗೆಗೂ ಸಾಲು ಎಂಬ ಒಂದೇ ಮಾತನ್ನು ಬಳಸುವ ಕನ್ನಡಿಗರಿಗೆ ಈ ಹೊಳಹು ಅಷ್ಟು ದೂರದ್ದೆನಿಸದು. ಅವನು ಮುಂದೆ ನಿರ್ಮಿಸಿದ ಫ್ಯೂಸರ್ ಎಂಬ ಉಪಕರಣಕ್ಕೆ ೧೯೬೬ರಲ್ಲಿ 
ಸನ್ನದು ದೊರೆಯಿತು. ಗಾಳಿ ತೆಗೆದ ಒಂದು ಗೋಳದೊಳಗೆ ತಂತಿಯ ಮತ್ತೊಂದು ಗೋಳ. ಒಳಗಿನದಕ್ಕೆ ಹತ್ತಾರು ಸಾವಿರ ವೋಲ್ಟುಗಳ ಋಣ ಒತ್ತಡ. ನಡುವೆ ಅತಿ ವಿರಳವಾದ ಭಾರಜಲಜನಕ. ಒಡೆದ ಅಣುಗಳು ನಡುವಿಗೆ ಧಾವಿಸಿ ಡಿಕ್ಕಿ ಹೊಡೆಯುವಾಗ ಕೆಲವು ಸಮ್ಮಿಲನ ಹೊಂದಿ ನ್ಯೂಟ್ರಾನುಗಳನ್ನು ಚೆಲ್ಲುತ್ತವೆ. ಕೊಟ್ಟ ಶಕ್ತಿಯ ಅತ್ಯಲ್ಪ ಭಾಗವೂ ಹಿಂದಕ್ಕೆ ಬಾರದು. ಆದರೂ ಮನೆಯ ಕೊಟ್ಟಿಗೆಯಲ್ಲಿ ಇದನ್ನು ಕಟ್ಟಿದ ಹವ್ಯಾಸಿಗಳು ಹಲವರು. ೨೦೦೮ರಲ್ಲಿ ಹದಿನಾಲ್ಕು ವರ್ಷದ ಅಮೆರಿಕದ ಬಾಲಕನೊಬ್ಬನು ಅದನ್ನು ಸಾಧಿಸಿದನು. ಇಲ್ಲಿ ನ್ಯೂಟ್ರಾನಿಗಿಂತ ಮೊದಲು ಕೊಲ್ಲುವುದು ವೋಲ್ಟು. ಎಕ್ಸ್ ಕಿರಣಗಳ ಭಯವೂ ಇದ್ದೇ ಇದೆ. ರಿಖ್‌ಮನ್ನನ ಕಥೆ ಇಂದಿಗೂ ಹಳೆಯದಾಗಿಲ್ಲ.

ಇನ್ನು ಪ್ರಲೋಭನದ ಮಾತು. ಭಾರಜಲಜನಕವು ಸಿಕ್ಕುವುದು ನೀರಿನಲ್ಲಿ. ಸಾಮಾನ್ಯ ನೀರಿನ ಜಲಜನಕದಲ್ಲಿ ಸುಮಾರು ೬,೪೦೦ ಅಣುಗಳಿಗೆ ಒಂದು ಆ ಬಗೆಯದು. ಸೂರ್ಯನಂತೆ ಉರಿಯುವ ಬೆಂಕಿಗೆ ನೀರೇ ಇಂಧನವೆಂದ ಮೇಲೆ, ಅಬಿಂಧನವೆಂಬ ಪದದಲ್ಲಿ ಪೂರ್ವಿಕರು ಬೈಜಿಕ ಸಮ್ಮಿಲನವನ್ನೇ ಹೇಳಿಟ್ಟರೆಂದು ಸಾರುವವರು ನಾಳೆ ಹುಟ್ಟಿಕೊಂಡರೆ ಆಶ್ಚರ್ಯವಿಲ್ಲ. ಅಂತಹವರಿಗೆ ಮೂರು ಮಾತುಗಳನ್ನು ಹೇಳಬಹುದು. ಸೂರ್ಯನಲ್ಲಿ ನೀರಿಲ್ಲ, ಅಲ್ಲಿ ಉರಿಯುವುದು ಬರಿಯ ಜಲಜನಕ. ಅದೇ ಶಾಸ್ತ್ರವು ಅದೇ ಉಸಿರಿನಲ್ಲಿ ಚಿನ್ನವನ್ನೂ ತೇಜಸ್ಸೆಂದು ಹೇಳಿದೆ. ಒಂದನ್ನು ಹಿಡಿದು ಮತ್ತೊಂದನ್ನು ಬಿಡುವುದು ನ್ಯಾಯವಲ್ಲ. ಮೂರನೆಯದಾಗಿ, ಹೀಗೆ ಹೇಳುವುದರಿಂದ ಪ್ರಶಸ್ತಪಾದನಿಗೆ ಗೌರವ ಹೆಚ್ಚದೆ ಕುಗ್ಗುತ್ತದೆ. ಕಣ್ಣಿಗೆ ಕಂಡುದರಿಂದ ಕಾಣದುದನ್ನು ತರ್ಕದಿಂದ ತಲುಪಲು ಯತ್ನಿಸಿದವನು ಅವನು; ಅವನ ಅನುಮಾನವನ್ನು ತೆಗೆದುಹಾಕಿ ಆ ಸ್ಥಾನದಲ್ಲಿ ಭವಿಷ್ಯವಾಣಿಯನ್ನು ಇಟ್ಟರೆ ದಾರ್ಶನಿಕನು ಕಣಿ ಹೇಳುವವನಾಗುತ್ತಾನೆ.

ಸಿಡಿಲು ಇಂದಿಗೂ ಗ್ರಾಮಾಂತರದ ಮೃತ್ಯು. ದೇಶದ ಅಪಘಾತಗಳ ಸರ್ಕಾರಿ ಲೆಕ್ಕದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಬಲಿಯಾಗುತ್ತಿರುವುದು ಕಾಣುತ್ತದೆ. ಅವರಲ್ಲಿ ಹೊಲ ಗದ್ದೆಗಳಲ್ಲಿ ಇದ್ದವರೂ ಮಳೆಗೆ ಮರದ ಕೆಳಗೆ ನಿಂತವರೂ ಬಹುಮಂದಿ. ಒಂದು ಮರಕ್ಕೆ ಬಡಿದ ಸಿಡಿಲಿನಿಂದ ಅದರ ಕೆಳಗಿನ ದನಗಳೆಲ್ಲ ಸತ್ತು, ಪಕ್ಕದಲ್ಲಿದ್ದ ಮನುಷ್ಯನು ಉಳಿದನೆಂಬಂತಹ ಸುದ್ದಿ ಹಲವೊಮ್ಮೆ ಬರುತ್ತದೆ. ಇದರಲ್ಲಿ ದೈವದ ಪಕ್ಷಪಾತವೇನೂ ಇಲ್ಲ. ಸಿಡಿಲು ನೆಲದಲ್ಲಿ ಹರಡುವಾಗ ಮರದಿಂದ ದೂರ ಹೋದಂತೆಲ್ಲ ಒತ್ತಡ ಇಳಿಯುತ್ತದೆ. ದನದ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚಾದುದರಿಂದ ಅವುಗಳ ನಡುವಣ ಒತ್ತಡವೂ ಹೆಚ್ಚು, ಪ್ರವಾಹವು ಗುಂಡಿಗೆಯ ಮೂಲಕವೇ ಹಾಯುತ್ತದೆ. ಕಾಲುಗಳನ್ನು ಜೋಡಿಸಿ ನಿಂತ ಮನುಷ್ಯನಿಗೆ ಆ ಅಂತರವೇ ಇಲ್ಲ. ಹಾಗೆಂದು ಮರದ ಕೆಳಗೆ ನಿಲ್ಲಬಹುದೆಂದಲ್ಲ. ಗುಡುಗು ಕೇಳಿದೊಡನೆ ಗಟ್ಟಿಮನೆಯ ಒಳಗೆ ಸೇರುವುದೇ ಉಪಾಯ. ವೋಲ್ಟೆಂಬ ಮಾತನ್ನು ಅಧಿಕಾರಿಗಳ ಭಾಷೆಯಲ್ಲಿ ಬಿಡದೆ ದನಗಾಹಿಯ ಭಾಷೆಗೆ ತರುವ ಕೆಲಸ ೧೯೧೮ರಲ್ಲಿ ಎಷ್ಟು ಉಳಿದಿತ್ತೋ ಇಂದಿಗೂ ಹೆಚ್ಚುಕಡಿಮೆ ಅಷ್ಟೇ ಉಳಿದಿದೆ.

ಕೊನೆಗೆ ಉಳಿಯುವುದು ವೈಶೇಷಿಕರ ವರ್ಗೀಕರಣದ ಪ್ರಶ್ನೆ: ಮಿಂಚಿನ ಬೆಂಕಿಯೂ ಸೂರ್ಯನ ಬೆಂಕಿಯೂ ಒಂದೇ ಜಾತಿಯವೆ? ಇದನ್ನು ಭೌತಶಾಸ್ತ್ರಜ್ಞರು ತಮ್ಮ ರೀತಿಯಲ್ಲಿ ನಿಜವಾಗಿಯೂ ಕೇಳಿದರು. ಮಿಂಚಿನ ಹಾದಿಯಲ್ಲಿ ಸಮ್ಮಿಲನವು ನಡೆಯುವುದಾದರೆ ನ್ಯೂಟ್ರಾನುಗಳು ಕಾಣಬೇಕೆಂದು ಹುಡುಕಾಟ ನಡೆಯಿತು. ಕಾಶ್ಮೀರದ ಗುಲ್ಮಾರ್ಗದಲ್ಲಿ ಭಾರತೀಯ ವಿಜ್ಞಾನಿಗಳು ಮಿಂಚಿನೊಡನೆ ನ್ಯೂಟ್ರಾನುಗಳು ಬರುವುದನ್ನು ಗುರುತಿಸಿ ೧೯೮೫ರಲ್ಲಿ ಪ್ರಕಟಿಸಿದರು. ಅವು ಎಲ್ಲಿಂದ ಬಂದುವೆಂಬುದು ಇತ್ಯರ್ಥವಾಗಲು ಮೂವತ್ತು ವರ್ಷಗಳೇ ಹಿಡಿದುವು. ಮಿಂಚಿನ ಬಿಸಿ ೩೦,೦೦೦ ಡಿಗ್ರಿ. ಸೂರ್ಯನ ಗರ್ಭದ್ದು ಒಂದೂವರೆ ಕೋಟಿ. ಆದುದರಿಂದ ಬಿಸಿಯೊಂದರಿಂದ ಸಮ್ಮಿಲನ ನಡೆಯುವಂತಿರಲಿಲ್ಲ. ೨೦೧೭ರ ಫೆಬ್ರವರಿ ೬ರಂದು ಜಪಾನಿನ ಕಾಶಿವಜಾಕಿಯ ಕಡಲ ತೀರದಲ್ಲಿ ಮಿಂಚೊಂದು ಹೊಡೆದಾಗ, ಎನೊಟೊ ಮತ್ತು ಅವರ ಸಂಗಡಿಗರು ನಿಲ್ಲಿಸಿದ್ದ ಉಪಕರಣಗಳು ಮೊದಲು ಗಾಮಾ ಕಿರಣಗಳ ಒಂದು ಹೊಡೆತವನ್ನೂ ಬೆನ್ನಿಗೇ ಪಾಸಿಟ್ರಾನುಗಳ ಗುರುತನ್ನೂ ಹಿಡಿದುವು. ಮಿಂಚಿನಲ್ಲಿ ಹುಟ್ಟಿದ ಗಾಮಾ ಕಿರಣವು ಗಾಳಿಯ ಸಾರಜನಕದ ಬೀಜದಿಂದ ಒಂದು ನ್ಯೂಟ್ರಾನನ್ನು ಕಿತ್ತು ಹೊರಕ್ಕೆ ಹಾಕುತ್ತದೆ. ಉಳಿದ ಬೀಜವು ಕೆಲವು ನಿಮಿಷಗಳಲ್ಲಿ ಪಾಸಿಟ್ರಾನನ್ನು ಉಗುಳಿ ಮಾರ್ಪಡುತ್ತದೆ. ಸೂರ್ಯನಲ್ಲಿ ಬೀಜಗಳು ಕೂಡುತ್ತವೆ, ಮಿಂಚಿನಲ್ಲಿ ಬೀಜಗಳು ಒಡೆಯುತ್ತವೆ. ಆ ಜಪಾನೀ ಸಂಶೋಧನೆಯ ಖರ್ಚಿನಲ್ಲಿ ಒಂದು ಭಾಗವು ಸಾಮಾನ್ಯ ಜನರು ಸ್ವಂತ ಕುತೂಹಲದಿಂದ ಕೊಟ್ಟ ಚಂದಾಹಣವಾಗಿತ್ತು. ತರುವಾಯ ಕನಜಾವಾ ಪಟ್ಟಣದ ಸುತ್ತಮುತ್ತಲಿನ ನಿವಾಸಿಗಳು ಅದೇ ಬಗೆಯ ಸಣ್ಣ ಉಪಕರಣಗಳನ್ನು ತಮ್ಮ ಮನೆಗಳಲ್ಲಿ ಇಟ್ಟುಕೊಂಡು, ಚಳಿಗಾಲದ ಗುಡುಗಿನ ಮೋಡಗಳು ಬಂದಾಗ ಲೆಕ್ಕವನ್ನು ವಿಜ್ಞಾನಿಗಳಿಗೆ ಒದಗಿಸತೊಡಗಿದರು.